ಅಷ್ಟಮಿ ಮುನಿಶಾಮಪ್ಪ

೧೯೯೬ನೇ ಇಸವಿ ಅಕ್ಟೋಬರ್ ೧೨, ಶನಿವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಮುನಿಶಾಮಪ್ಪನ ಹೆಣಕ್ಕೆ ಮೂರನೆಯ ಬಿಂದಿಗೆ ನೀರು ಸುರಿದು ಸೊಂಟದ ಸುತ್ತ ಕೈಯಾಡಿಸುತ್ತಿದ್ದ ಗಂಗುಲಪ್ಪನ ಬೆರಳಿಗೆ ಏನೋ ಗಟ್ಟಿಯಾದದ್ದು ತಗುಲಿತು. ಒದ್ದೆ ಪಂಚೆ ಸರಿಸಿ ನೋಡಿದ. ಉಡುದಾರಕ್ಕೆ ಒಂದು ಹಿತ್ತಾಳೆಯ ಬೀಗದ ಕೈ ಕಟ್ಟಿತ್ತು.

"ಕೋನಪ್ಪ, ಇದ್ಯಾವ್ದಯ್ಯ?"

ಕಾಲಿನ ಕಡೆ ನಿಂತಿದ್ದ ಸತ್ತವನ ತಮ್ಮ ಕೋನಪ್ಪ ಬಗ್ಗಿ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. "ಇನ್ಯಾವ್ದು? ಆ ಪೆಟ್ಟಿಗೇದು. ಮುಟ್ಬೇಡ ತಾತ. ಏನ್ ಮಂತ್ರ ಹಾಕಿ ಕಟ್ಟವ್ನೋ."

"ಸತ್ತೋನ ಮೈಮೇಲೆ ಉಡುದಾರ ಬಿಡ್ತಾರೇನೋ? ಹರೀಲೇಬೇಕು." ಊರಿನಲ್ಲಿ ಯಾರು ಸತ್ತರೂ ಮುಂದೆ ನಿಂತು ಶಾಸ್ತ್ರ ಮಾಡಿಸುವವನು ಗಂಗುಲಪ್ಪನೇ. ದಾರವನ್ನು ಕುಡುಗೋಲಿನಿಂದ ಕತ್ತರಿಸಿದ. ಬೀಗದ ಕೈ ಕಲ್ಲುಚಪ್ಪಡಿಯ ಮೇಲೆ ಟಣ್ ಎಂದು ಬಿತ್ತು. ಅಂಗಳದಲ್ಲಿ ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ಅದನ್ನೇ ನೋಡಿದರು.

"ಅಯ್ಯೋ ದೇವುಡಾ," ಎಂದಳು ಪಕ್ಕದ ಮನೆಯ ಪೆದ್ದಮ್ಮ. "ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡ್ದ. ಒಂದ್ ಅಮಾಸೆಗೂ ಮನೇಲಿರ್ಲಿಲ್ಲ. ಇವತ್ತು ನೋಡಿದ್ರೆ ಮಾಳಯ ಅಮಾಸೆ, ಅದ್ರಾಗೆ ಶನಿವಾರ. ಶನಿವಾರದ ಹೆಣ ಒಂಟಿಯಾಗಿ ಹೋಗಲ್ಲ ಕಣ್ರಪ್ಪ, ಜೊತೆಗೆ ಇನ್ನೊಂದನ್ನ ಕರೀತದೆ. ಕೋಳಿ ತಂದ್ರಾ?"

"ತಂದಿದೀವಿ ತಗೋ. ಅಲ್ಲಿ ಕಟ್ಟಿದೆ," ಎಂದ ಗಂಗುಲಪ್ಪ.

ಚಟ್ಟಕ್ಕೆ ಕಟ್ಟಬೇಕಾಗಿದ್ದ ಕೋಳಿ ಕಂಬದ ಬುಡದಲ್ಲಿ ಕಾಳು ಹೆಕ್ಕುತ್ತಿತ್ತು.

ಪೆದ್ದಮ್ಮ ಹೇಳಿದ ಲೆಕ್ಕ ಊರಿಗೆಲ್ಲ ಬಾಯಿಪಾಠ. ಮುನಿಶಾಮಪ್ಪನಿಗೆ ಕೆಲಸ ದೂರದ ಕರಾವಳಿಯಲ್ಲಿ. ಹೊಳೆಯೊಂದು ಸಮುದ್ರ ಸೇರುವ ಕಡೆ, ಅಲ್ಲಿನವರು ಅಳಿವೆ ಎನ್ನುವ ಜಾಗದಲ್ಲಿ, ನೀರಿನ ಅಳತೆ ಮಾಡುವ ಒಂದು ಸಣ್ಣ ಸರ್ಕಾರಿ ಕೇಂದ್ರವಿತ್ತು. ಅವನು ಅಲ್ಲಿನ ಅಳತೆ ಸಹಾಯಕ. ಯುಗಾದಿಗೆ ಬರಲಿಲ್ಲ, ದೀಪಾವಳಿಗೆ ಬರಲಿಲ್ಲ, ತೀರಿಕೊಂಡ ಅಪ್ಪನಿಗೆ ಎಡೆ ಇಡುವ ಮಾಳಯ ಅಮಾವಾಸ್ಯೆಗೂ ಬರಲಿಲ್ಲ. ಒಳ್ಳೆಯ ಕೆಲಸಕ್ಕೆ ಯಾರೂ ಹೊಸ್ತಿಲು ದಾಟದ ಅಷ್ಟಮಿ, ನವಮಿಗಳಲ್ಲೇ ಶಿಡ್ಲಘಟ್ಟದ ಬಸ್ಸಿನಿಂದ ಇಳಿಯುತ್ತಿದ್ದ. ಏಕಾದಶಿಗೆ ಹೊರಟುಬಿಡುತ್ತಿದ್ದ. ಹುಣ್ಣಿಮೆ, ಅಮಾವಾಸ್ಯೆಗಳಿಗೆ ತಪ್ಪದೆ ಮಾಯವಾಗುವ ಮನುಷ್ಯನ ಬಗ್ಗೆ ಊರು ಎರಡೇ ಮಾತು ಹೇಳಬಲ್ಲದು. ಒಂದು, ಮಾಟ. ಇನ್ನೊಂದು, ಹೆಂಗಸು. ಕೋನಪ್ಪ ಮೊದಲನೆಯದನ್ನು ನಂಬಿದ್ದ. ಹೆಂಡತಿ ಅಶ್ವತ್ಥಮ್ಮ ಎರಡನೆಯದನ್ನು.

ಈ ಸಲವೂ ಅಷ್ಟಮಿಗೇ ಬಂದಿದ್ದ, ಜ್ವರ ಹೊತ್ತುಕೊಂಡು. ಏಕಾದಶಿಗೆ ಹೊರಡಲು ಎದ್ದವನು ಬಾಗಿಲ ಹತ್ತಿರ ಕುಸಿದ. ನಿನ್ನೆ ಸಂಜೆ ಐದಕ್ಕೆ ಉಸಿರು ನಿಂತಿತು. ಐವತ್ತೇಳು ವರ್ಷ.

ಹೆಣಕ್ಕೆ ಹೊಸ ಪಂಚೆ ಸುತ್ತಿ, ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸಿದರು. ಗಂಗುಲಪ್ಪ ಮೊರದಲ್ಲಿ ಅಕ್ಕಿ ತಂದಿಟ್ಟ. "ರಾವುಕಾಲ ಒಂಬತ್ತಕ್ಕೆ. ಅಷ್ಟರೊಳಗೆ ಎತ್ತಿಬಿಡಣ. ಅಶ್ವತ್ಥಮ್ಮ, ಬಾಮ್ಮ. ಬಾಯಿಗಕ್ಕಿ ಹಾಕು. ಮೊದಲು ನಿನ್ದು."

ಅಶ್ವತ್ಥಮ್ಮ ನಡುಮನೆಯ ಹೊಸ್ತಿಲ ಮೇಲೆ ಕೂತಿದ್ದಳು. ಏಳಲಿಲ್ಲ.

"ಆ ಪೆಟ್ಟಿಗೆ ತೆಗೀರಿ," ಎಂದಳು. "ಅದ್ರಾಗೆ ಏನೈತೆ ನೋಡ್ತೀನಿ. ಆಮೇಲೆ ಅಕ್ಕಿ ಹಾಕೋದಾ ಬ್ಯಾಡ್ವಾ ಹೇಳ್ತೀನಿ."

"ಏನಮ್ಮಾ ಇದು! ಹೆಂಡ್ತಿ ಅಕ್ಕಿ ಹಾಕ್ದೆ ಇದ್ರೆ ಅವನು ಹಸಿದೇ ಹೋಗ್ತಾನೆ ಕಣೇ."

"ಇನ್ನೊಬ್ಳು ಇದ್ರೆ ಅವಳು ಬಂದು ಹಾಕ್ಲಿ. ಅವಳ ಪಾಲಿನ ಅಕ್ಕಿ ನಾನ್ಯಾಕೆ ಹಾಕ್ಲಿ?"

ಮಗಳು ಶ್ಯಾಮಲ ಅಮ್ಮನ ಪಕ್ಕದಲ್ಲಿ ಕೂತು ಭುಜ ಹಿಡಿದುಕೊಂಡಳು. ಅವಳು ಚಿಂತಾಮಣಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್.

"ಸರಿ ಹೋಗ್ಲಿ. ರಾವುಕಾಲ ಕಳೀಲಿ," ಎಂದು ಗಂಗುಲಪ್ಪ ಕಂಬಕ್ಕೆ ಒರಗಿ ಕೂತ. ಹತ್ತೂವರೆಯವರೆಗೆ ಇನ್ನು ಹೆಣ ಎತ್ತುವಂತಿರಲಿಲ್ಲ.

"ಅಷ್ಟರಲ್ಲಿ ನಾನು ಹುಳಕ್ಕೆ ಸೊಪ್ಪು ಹಾಕಿ ಬರ್ತೀನಿ," ಎಂದ ಕೋನಪ್ಪ. "ನಾಲ್ಕನೇ ಜ್ವರ ಎದ್ದು, ಪೊರೆ ಕಳಚಿ ಮೂರು ದಿನ ಆಯ್ತು. ಹೊತ್ತಿಗೆ ಸರಿಯಾಗಿ ತಿನ್ಬೇಕು."

"ಸೂತಕ ಕಣೋ!"

"ರೇಷ್ಮೆ ಹುಳಕ್ಕೆ ಸೂತಕ ಗೊತ್ತಾಯ್ತದಾ, ಅಮಾಸೆ ಗೊತ್ತಾಯ್ತದಾ?" ಎನ್ನುತ್ತ ಕೋನಪ್ಪ ಹಿತ್ತಿಲಿಗೆ ಹೋದ.

*

ಅಶ್ವತ್ಥಮ್ಮನ ಅನುಮಾನಕ್ಕೆ ಒಂದು ತಾರೀಖು ಇತ್ತು.

೧೯೮೯ರ ಅಕ್ಟೋಬರ್ ಮೊದಲ ವಾರ ಅವಳ ತಮ್ಮ ವೆಂಕಟರವಣಪ್ಪ ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಜಗಲಿಯ ಮೇಲೆ ಕೂತ. ಅವನು ಲಾರಿ ಡ್ರೈವರ್. ಚಿಂತಾಮಣಿಯಿಂದ ಟೊಮೇಟೊ ತುಂಬಿಕೊಂಡು ಮಂಗಳೂರಿನ ಕಡೆ ಹೋಗಿ ಬಂದಿದ್ದ.

"ಅಕ್ಕ, ಮಾಳಯ ಅಮಾಸೆ ದಿನ ಭಾವನ ಆಫೀಸಿಗೆ ಹೋಗಿದ್ದೆ. ದಾರೀಲೇ ಇತ್ತಲ್ಲ, ನೋಡ್ಕೊಂಡು ಬರಣ ಅಂತ. ಅಲ್ಲಿದ್ದ ಜವಾನ, ಮುನಿಶಾಮಪ್ಪನೋರು ಮೂರು ದಿನ ರಜಾ ಅಂದ."

"ರಜಾನಾ?"

"ರಿಜಿಸ್ಟರ್ ತೆಗೆದು ತೋರಿಸ್ದ. ಭಾವನ ಸೈನ್ ಐತೆ. ಎಲ್ಲಿಗೆ ಹೋದ್ರು ಅಂದ್ರೆ ನಗ್ತಾನೆ ನನ್ಮಗ, ಹೇಳಲ್ಲ."

ಮುಂದಿನ ಅಷ್ಟಮಿಗೆ ಗಂಡ ಬಂದ. ಊಟಕ್ಕೆ ಕೂತಾಗ ಅಶ್ವತ್ಥಮ್ಮ ಮುದ್ದೆ ಇಟ್ಟು ಕೇಳಿದಳು. "ಮಾಳಯ ಅಮಾಸೆ ದಿನ ಎಲ್ಲಿದ್ರಿ?"

ಅವನು ತಟ್ಟೆಯಿಂದ ತಲೆ ಎತ್ತದೆ ಹೇಳಿದ. "ನೀರಿನ ಮೇಲಿದ್ದೆ."

"ರಜಾ ಹಾಕ್ಕೊಂಡು?"

ಅವನ ಕೈ ಒಂದು ಗಳಿಗೆ ನಿಂತಿತು. "ಹೂಂ. ರಜಾ ಹಾಕ್ಕೊಂಡು."

ಅಷ್ಟೇ. ಅವಳು ಇನ್ನೊಂದು ಪ್ರಶ್ನೆ ಕೇಳಲಿಲ್ಲ, ಅವನು ಇನ್ನೊಂದು ಉತ್ತರ ಕೊಡಲಿಲ್ಲ. ಏಳು ವರ್ಷ ಹಾಗೇ ಕಳೆಯಿತು.

*

ಹಬ್ಬಕ್ಕೆ ಬಂದಂತೆ ಊರೆಲ್ಲ ಪಡಸಾಲೆಯಲ್ಲಿ ಸೇರಿತ್ತು. ವೆಂಕಟರವಣಪ್ಪ ತಗಡಿನ ಪೆಟ್ಟಿಗೆಯನ್ನು ಒಳಕೋಣೆಯಿಂದ ಎಳೆದು ತಂದ. ಕೋನಪ್ಪ ಸೊಪ್ಪು ಹಾಕಿ ವಾಪಸು ಬಂದವನು ಬಾಗಿಲ ಆಚೆಯೇ ನಿಂತ.

ಆ ಪೆಟ್ಟಿಗೆಗೆ ಬೀಗ ಬೀಳಲು ಕಾರಣ ಅವನೇ. ಹತ್ತು ವರ್ಷದ ಹಿಂದೆ ಒಂದು ದಿನ ಅಣ್ಣನ ಪೆಟ್ಟಿಗೆಯಲ್ಲಿ ಸಾಲಾಗಿ ಬಾಟಲಿಗಳನ್ನೂ ಅವುಗಳ ಮೇಲೆ ಅಮಾವಾಸ್ಯೆಯ ತಾರೀಖುಗಳನ್ನೂ ಕಂಡಿದ್ದ. ಆ ವರ್ಷ ಅವನ ಎರಡು ಬೆಳೆ ಹುಳ ಸುಣ್ಣಕಟ್ಟು ರೋಗ ಬಂದು ಸತ್ತಿದ್ದವು. ಆರು ಬಾಟಲಿಗಳನ್ನು ಎತ್ತಿಕೊಂಡು ಹೋಗಿ ಊರಾಚೆಯ ಹಳ್ಳಕ್ಕೆ ಎಸೆದು ಬಂದ. ಮುನಿಶಾಮಪ್ಪ ಬಂದು ನೋಡಿ ಏನೂ ಅನ್ನಲಿಲ್ಲ. ಶಿಡ್ಲಘಟ್ಟಕ್ಕೆ ಹೋಗಿ ಬೀಗ ತಂದ.

ಶ್ಯಾಮಲ ಬೀಗ ತೆಗೆದಳು. ಮುಚ್ಚಳ ಎತ್ತಿದಾಗ ಮೊದಲು ಬಂದದ್ದು ನುಸಿಗುಳಿಗೆಯ ವಾಸನೆ. ಒಳಗೆ ಎಡಕ್ಕೆ ಔಷಧದ ಬಾಟಲಿಗಳು, ಬಾಯಿಗೆ ಮೇಣ ಹಾಕಿದವು, ಎರಡೆರಡಾಗಿ ಜೋಡಿಸಿ ದಾರ ಕಟ್ಟಿದವು. ಬಲಕ್ಕೆ ರಟ್ಟಿನ ಹೊದಿಕೆಯ ನೋಟು ಪುಸ್ತಕಗಳು. ಸೀರೆ ಇರಲಿಲ್ಲ. ಫೋಟೋ ಇರಲಿಲ್ಲ. ಕಾಗದಗಳಿರಲಿಲ್ಲ.

"ನೋಡಿದ್ರಾ! ನಾನು ಹೇಳಿರ್ಲಿಲ್ವಾ?" ಎಂದ ಕೋನಪ್ಪ.

ವೆಂಕಟರವಣಪ್ಪ ಒಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದ. ಉಗುರಿನಿಂದ ಮೇಣ ಕಿತ್ತು, ಮೂಸಿ, ಬೆರಳದ್ದಿ ನಾಲಗೆಗೆ ಇಟ್ಟುಕೊಂಡ.

"ಉಗಿಯೋ! ಉಗಿಯೋ ನಿನ್ನ!" ಪೆದ್ದಮ್ಮ ಕಿರುಚಿದಳು. "ಶನಿವಾರದ ಹೆಣಕ್ಕೆ ಕೋಳಿ ಬ್ಯಾಡ, ನೀನೇ ಜೊತೆಗೆ ಹೊರಟಂಗಿದೀಯ."

"ಉಪ್ಪು," ಎಂದ ವೆಂಕಟರವಣಪ್ಪ. ಜೋಡಿಯ ಇನ್ನೊಂದನ್ನೂ ತೆರೆದು ನೆಕ್ಕಿದ. "ಇದು ಸಪ್ಪೆ. ಬರೀ ನೀರು ಕಣಜ್ಜಿ. ಒಂದ್ರ ಮೇಲೆ 'ಬುಡ' ಅಂತ ಬರ್ದವ್ರೆ, ಇನ್ನೊಂದ್ರ ಮೇಲೆ 'ಮೇಲೆ' ಅಂತ."

ಬುಡ, ಮೇಲೆ. ಆ ಎರಡು ಮಾತು ಕೇಳಿ ಶ್ಯಾಮಲ ಅಮ್ಮನ ಕಡೆ ತಿರುಗಿದಳು. ಅಶ್ವತ್ಥಮ್ಮನೂ ಅವಳನ್ನೇ ನೋಡುತ್ತಿದ್ದಳು.

*

ಶ್ಯಾಮಲಳಿಗೆ ಆಗ ಹದಿಮೂರು ವರ್ಷ. ಒಂದು ನವಮಿಯ ಮಧ್ಯಾಹ್ನ ಅಪ್ಪನನ್ನು ಕೇಳಿದ್ದಳು. "ಅಪ್ಪ, ನೀರಲ್ಲಿ ಅಷ್ಟೊಂದು ಅಳೆಯೋದು ಏನಿದೆ?"

ಮುನಿಶಾಮಪ್ಪ ಉಪ್ಪಿನಕಾಯಿಯ ಗಾಜಿನ ಜಾಡಿ ತೊಳೆಸಿದ. ಅರ್ಧ ಜಾಡಿ ನೀರಿಗೆ ಮೂರು ಹಿಡಿ ಉಪ್ಪು ಕದಡಿ, ಅವಳ ಪೆನ್ನಿನ ನೀಲಿ ಇಂಕು ಬಿಟ್ಟ. ಆಮೇಲೆ ಒಂದು ಚಮಚವನ್ನು ಮಗುಚಿ ಹಿಡಿದು ಅದರ ಬೆನ್ನ ಮೇಲೆ ಸೀನೀರನ್ನು ನಿಧಾನವಾಗಿ ಇಳಿಬಿಟ್ಟ. ನೀಲಿ ನೀರು ತಳದಲ್ಲೇ ಉಳಿಯಿತು. ತಿಳಿನೀರು ಅದರ ಮೇಲೆ ಬೇರೆಯಾಗಿ ನಿಂತಿತು. ನಡುವೆ ಗೆರೆ ಎಳೆದಂತಿತ್ತು.

"ಉಪ್ಪು ನೀರು ಭಾರ ಕಣಮ್ಮ. ಸಮುದ್ರದಿಂದ ಬರೋದು ಬುಡ ಹಿಡಿದು ಬರ್ತದೆ. ಹೊಳೆ ನೀರು ಹಗುರ, ಮೇಲೆ ಹರ್ಕೊಂಡು ಹೋಗ್ತದೆ. ಎರಡೇ ಆಗಿದ್ರೆ ಲೆಕ್ಕ ಸುಲಭ. ಚಂದ್ರ, ಸೂರ್ಯ ಸೇರ್ಕೊಂಡು ದಿನಕ್ಕೆ ಎರಡು ಸಲ ಸಮುದ್ರನ ಎತ್ತಿ ಇಳಿಸ್ತಾರೆ. ಮಳೆ ಬಂದ್ರೆ ಹೊಳೆ ತಳ್ತದೆ. ಮಧ್ಯಾಹ್ನ ಆದ್ರೆ ಗಾಳಿ ಬೇರೆ. ನಾಲ್ಕು ಎತ್ತು ನಾಲ್ಕು ಕಡೆಗೆ ಎಳೆಯೋ ಗಾಡಿ ಅದು."

"ಅಷ್ಟಮಿಗೆ ಯಾಕೆ ಬಿಡುವು?"

"ಅವತ್ತು ಚಂದ್ರ ಒಂದು ಕಡೆ ಎಳೆದ್ರೆ ಸೂರ್ಯ ಅಡ್ಡಕ್ಕೆ ಎಳೀತಾನೆ. ನೀರು ಹೆಚ್ಚು ಏರಲ್ಲ, ಇಳಿಯಲ್ಲ. ಅಮಾಸೆ, ಹುಣ್ಣಿಮೆಗೆ ಇಬ್ರೂ ಒಂದೇ ಸಾಲಲ್ಲಿ ನಿಲ್ತಾರೆ. ಹಗಲು ರಾತ್ರಿ ಸಮ ಆಗೋ ತಿಂಗಳಲ್ಲಂತೂ ಏರಿಳಿತ ಎಲ್ಲಕ್ಕಿಂತ ಜಾಸ್ತಿ. ಅದೇ ಯುಗಾದಿ ಹತ್ರ, ಮಾಳಯದ ಹತ್ರ." ಅವನು ಜಾಡಿಯ ಬಾಯಿಗೆ ಮುಖ ತಂದು ಮೆಲ್ಲಗೆ ಊದಿದ. ಮೇಲಿನ ನೀರಿನಲ್ಲಿದ್ದ ಒಂದು ಜೀರಿಗೆ ಕಾಳು ಆಚೆ ದಡಕ್ಕೆ ಹೋಯಿತು. "ನೋಡೋರ ಕಣ್ಣಿಗೆ ಹೊಳೆ ಸುಮ್ನೆ ಹೊರಗೆ ಹೋಗ್ತಿದೆ ಅಂತಲೇ ಕಾಣೋದು. ಬುಡಕ್ಕೆ ಯಂತ್ರ ಇಳಿಬಿಟ್ರೆ ಮಾತ್ರ, ಅಡಿಯಲ್ಲಿ ಒಳಕ್ಕೆ ಬರ್ತಿರೋದು ಗೊತ್ತಾಗೋದು."

ಒಲೆಯ ಮುಂದೆ ಕೂತಿದ್ದ ಅಶ್ವತ್ಥಮ್ಮ ಊದುಕೊಳವೆ ಕೆಳಗಿಟ್ಟು ಹೇಳಿದಳು. "ಮಾತಿಗೇನು ಬರ ಇಲ್ಲ. ಜಾಡಿ ತೊಳೆದಿಡಿ, ಇಂಕು ಮೆತ್ಕೊಂತದೆ."

*

"ಎಂಬತ್ತೊಂಬತ್ತನೇ ಇಸವಿ," ಎಂದಳು ಅಶ್ವತ್ಥಮ್ಮ. "ಮಾಳಯ ಅಮಾಸೆ. ಅದನ್ನ ನೋಡು ಶ್ಯಾಮಲಮ್ಮ."

ಶ್ಯಾಮಲ ಪುಸ್ತಕಗಳನ್ನು ಇಸವಿಯ ಪ್ರಕಾರ ತಿರುವಿದಳು. ಆ ಪುಟ ಖಾಲಿ ಇದ್ದರೆ ಅಪ್ಪ ಹಸಿದೇ ಮಣ್ಣಿಗೆ ಹೋಗುತ್ತಾನೆ ಎಂಬುದು ಅವಳಿಗೆ ಸ್ಪಷ್ಟವಿತ್ತು.

ಪುಟ ಖಾಲಿ ಇರಲಿಲ್ಲ. ೨೯-೯-೮೯, ಶುಕ್ರವಾರ, ಬೆಳಿಗ್ಗೆ ಆರರಿಂದ ಮರುದಿನ ಬೆಳಿಗ್ಗೆ ಏಳರವರೆಗೆ, ಗಂಟೆಗೊಂದು ಸಾಲು. ಹೊತ್ತು, ಆಳ, ಉಪ್ಪು, ಹರಿವು, ದಿಕ್ಕು, ಗಾಳಿ. ಮೇಲಿನ ಅಂಚಿನಲ್ಲಿ ಬರೆದಿದ್ದನ್ನು ಅವಳು ಗಟ್ಟಿಯಾಗಿ ಓದಿದಳು.

"ಹೊಸ ಸಾಹೇಬರು ಬರುವವರೆಗೆ ಅಳತೆ ನಿಲ್ಲಿಸಲು ಆದೇಶ. ಆಫೀಸಿನ ದೋಣಿ ಇಲ್ಲ. ರಜೆ ಹಾಕಿ ಬೆಸ್ತರ ದೋಣಿಯಲ್ಲಿ. ಹಿಂದಿನ ಹದಿನೆಂಟು ಮಾಳಯದ ಅಳತೆ ಇದೆ. ಇದೊಂದು ಬಿಟ್ಟುಹೋಗಬಾರದು."

"ಜವಾನ ನಕ್ಕಿದ್ದು ಅದಕ್ಕೇನಾ!" ಎಂದ ವೆಂಕಟರವಣಪ್ಪ. "ಅಯ್ಯೋ, ನಾನು ಏನೇನೋ ಅಂದ್ಕೊಂಡೆ."

"ತಾಳು ತಾಳು." ಕೋನಪ್ಪ ಈಗ ಒಳಗೆ ಬಂದು ಶ್ಯಾಮಲಳ ಹೆಗಲ ಮೇಲಿಂದ ಬಗ್ಗಿದ್ದ. "ಇಲ್ಲಿ ನೋಡು. ಮೇಲಿನ ಸಾಲೆಲ್ಲ ದುಂಡಗೆ ಐತೆ. ಕೆಳಗೆ ಬಂದ್ರೆ ಕಾಗೆ ಕಾಲು. ಇದು ಬೇರೆಯವರ ಕೈ. ಇಪ್ಪತ್ತೈದು ಗಂಟೆ ಒಬ್ನೇ ಎದ್ದಿರಕ್ಕಾಯ್ತದಾ? ಜೊತೆಗೆ ಯಾರೋ ಅವ್ರೆ."

"ನಾನು ಇರ್ತೀನಪ್ಪ, ಲಾರಿ ಮೇಲೆ," ಎಂದ ವೆಂಕಟರವಣಪ್ಪ.

ಅಶ್ವತ್ಥಮ್ಮನ ಮುಖ ಮತ್ತೆ ಬಿಗಿಯಿತು. ಓದು ಬಾರದ ಅವಳಿಗೂ ಅಕ್ಷರಗಳ ಆ ವ್ಯತ್ಯಾಸ ಕಾಣುತ್ತಿತ್ತು.

ಶ್ಯಾಮಲ ಬೆರಳಿಟ್ಟು ಒಂದೊಂದು ಸಾಲನ್ನೂ ನೋಡಿದಳು. ಕೆಟ್ಟ ಅಕ್ಷರ ಶುರುವಾಗಿದ್ದು ಹಗಲು ಎರಡು ಗಂಟೆಗೆ. ಸಂಜೆ ಆರಕ್ಕೆ ಮತ್ತೆ ದುಂಡಗಾಗಿತ್ತು. ಅವಳು ಗಾಳಿಯ ಕಾಲಂಗೆ ಬಂದಳು. ಎರಡರಿಂದ ಐದರವರೆಗೆ: ಪಶ್ಚಿಮದಿಂದ, ಜೋರು. ದಿಕ್ಕಿನ ಕಾಲಂ: ಹೊರಕ್ಕೆ. ಅವಳು ಹಿಂದಿನ ವರ್ಷದ ಪುಸ್ತಕ ತೆಗೆದಳು, ಅದರ ಹಿಂದಿನದನ್ನೂ. ಹೊಳೆ ಇಳಿದು ಹೊರಕ್ಕೆ ಹೋಗುವ ಹೊತ್ತಿನಲ್ಲಿ ಸಮುದ್ರದಿಂದ ಎದುರುಗಾಳಿ ಬೀಸಿದ ಕಡೆಯಲ್ಲೆಲ್ಲ ಅಕ್ಷರ ಕಾಗೆ ಕಾಲೇ. ಗಾಳಿ ಬಿದ್ದ ಮೇಲೆ ದುಂಡಗೆ.

"ಬೇರೆ ಕೈ ಅಲ್ಲ ಚಿಕ್ಕಪ್ಪ. ನೀರು ಹೊರಕ್ಕೆ, ಗಾಳಿ ಒಳಕ್ಕೆ. ಎರಡೂ ಎದುರು ಬದುರಾದ್ರೆ ಅಲೆ ಏಳ್ತದೆ. ದೋಣಿ ಕುಣೀತದೆ. ನೀವೇ ನೋಡಿ, ಎಲ್ಲಾ ವರ್ಷಾನೂ ಹಂಗೇ ಐತೆ."

ಕೋನಪ್ಪ ಮೂರು ಪುಸ್ತಕಗಳನ್ನೂ ಹತ್ತಿರ ಹಿಡಿದು ನೋಡಿದ. ಅಶ್ವತ್ಥಮ್ಮ ಕೇಳಿದಳು.

"ಅದ್ರಾಗೆ ನನ್ನ ಹೆಸರು ಐತಾ?"

"ಇಲ್ಲಮ್ಮ."

"ಇನ್ಯಾರ್ದಾದ್ರೂ?"

"ಯಾರ ಹೆಸರೂ ಇಲ್ಲ."

"ರಜಾ ಇತ್ತು," ಎಂದಳು ಅಶ್ವತ್ಥಮ್ಮ. "ಮೂರು ದಿನ. ಬರಬೋದಾಗಿತ್ತು."

ಕೋನಪ್ಪ ಗೊಣಗಿದ. "ಅದೇ ನಾನೂ ಹೇಳೋದು. ದೊಡ್ಡ ಮಗ ಇದ್ಕೊಂಡು ಅಪ್ಪನಿಗೆ ಒಂದು ವರ್ಷನಾದ್ರೂ ಎಡೆ ಇಟ್ನಾ? ನೀರೇನು ಓಡಿ ಹೋಗ್ತಿತ್ತಾ? ಒಂದಿನ ತಡೀತಿರ್ಲಿಲ್ವಾ?"

"ನಿಮ್ಮ ಹುಳ ತಡೀತವಾ ಚಿಕ್ಕಪ್ಪ?"

ಶ್ಯಾಮಲ ಪುಸ್ತಕವನ್ನು ಅವನ ಕಡೆಗೆ ತಿರುಗಿಸಿ, ಎರಡು ಗಂಟೆಯದಕ್ಕಿಂತ ಮೊದಲಿನ ಒಂದು ದುಂಡನೆಯ ಸಾಲನ್ನು ತೋರಿಸಿದಳು. ಹಗಲು ಹನ್ನೆರಡು ಗಂಟೆ. ಮನೆಮನೆಗಳಲ್ಲಿ ಎಡೆ ಇಡುವ ಹೊತ್ತು. ಕೊನೆಯ ಕಾಲಂನಲ್ಲಿ ಅಳತೆಯಲ್ಲದ ಮೂರು ಮಾತುಗಳಿದ್ದವು. ಏಳನೇ ಕ್ಲಾಸು ಓದಿದ್ದ ಕೋನಪ್ಪ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ: ಅಪ್ಪನಿಗೆ ಎಳ್ಳುನೀರು ಬಿಟ್ಟೆ.

ಹಿಂದಿನ ವರ್ಷದ್ದನ್ನು ತೆಗೆದು ಅದೇ ಹೊತ್ತಿನ ಸಾಲು ಹುಡುಕಿದ. ಅಲ್ಲೂ ಇತ್ತು. ಅದರ ಹಿಂದಿನ ವರ್ಷವೂ. ಪುಸ್ತಕಗಳನ್ನು ಜೋಡಿಸಿ ಪೆಟ್ಟಿಗೆಯಲ್ಲಿಟ್ಟು, ಹೆಗಲ ಟವೆಲು ಎಳೆದುಕೊಂಡು, "ಸೊಪ್ಪು ಸಾಲ್ದೇನೋ" ಎಂದು ಯಾರಿಗೋ ಹೇಳಿದಂತೆ ಹೇಳಿ ಹಿತ್ತಿಲಿಗೆ ಹೋದ. ಹುಳದ ಮನೆಯ ಬಾಗಿಲು ಹಾಕಿಕೊಂಡದ್ದು ಕೇಳಿಸಿತು.

ಹತ್ತೂ ನಲವತ್ತಕ್ಕೆ ಗಂಗುಲಪ್ಪ ಎದ್ದು ಪಂಚೆ ಕೊಡವಿದ. "ರಾವುಕಾಲ ಹೋಯ್ತು. ಏನಮ್ಮ ಹೇಳ್ತೀಯ?"

ಅಶ್ವತ್ಥಮ್ಮ ಹೊಸ್ತಿಲಿನಿಂದ ಎದ್ದಳು. ಗಂಡನ ಮುಂದೆ ನಿಂತು ಬಹಳ ಹೊತ್ತು ಅವನ ಮುಖ ನೋಡಿದಳು. ಮೊರದಿಂದ ಅಕ್ಕಿ ತೆಗೆದು ಮುಚ್ಚಿದ ತುಟಿಗಳ ಮೇಲೆ ಮೂರು ಸಲ ಹಾಕಿದಳು. ಕಾಳುಗಳು ಗದ್ದದಿಂದ ಎದೆಗೆ ಉದುರಿದವು. ಗಂಗುಲಪ್ಪ ನೀರಿನ ಚೊಂಬು ನೀಡಿದ. ಅವಳು ತೆಗೆದುಕೊಳ್ಳಲಿಲ್ಲ.

"ಶ್ಯಾಮಲಮ್ಮ, ಆ ದಿನದ್ದು ಬಾಟ್ಲಿ ಐತಾ?"

ಇತ್ತು. ೨೯-೯-೮೯, ಹಗಲು ೧೨. ಜೋಡಿ ಬಾಟಲಿಗಳ ದಾರ ಬಿಚ್ಚಿ ಶ್ಯಾಮಲ ಎರಡನ್ನೂ ಮುಂದೆ ಹಿಡಿದಳು.

"ಬುಡದ್ದು ಯಾವ್ದು?"

ಶ್ಯಾಮಲ ಎಡಗೈಯದನ್ನು ಮೇಣ ಕಿತ್ತು ಕೊಟ್ಟಳು. ಅಶ್ವತ್ಥಮ್ಮ ಸೆರಗಿನ ತುದಿಯನ್ನು ಅದರಲ್ಲಿ ಅದ್ದಿ, ಅಕ್ಕಿ ಅಂಟಿದ್ದ ತುಟಿಗಳ ಮೇಲೆ ಹಿಂಡಿದಳು.

ಚಟ್ಟ ಎತ್ತಿದರು. ಮುಂದಿನ ಬಲಗಡೆಯ ಹೆಗಲು ಕೋನಪ್ಪನದು. ಅವನ ಅಂಗಿಗೆ ಹಿಪ್ಪುನೇರಳೆ ಎಲೆಯ ಚೂರುಗಳು ಅಂಟಿದ್ದವು. ಕಾಲಿಗೆ ದಾರ ಬಿಗಿದ ಕೋಳಿ ಚಟ್ಟದ ತುದಿಯಲ್ಲಿ ತಲೆ ಆಡಿಸುತ್ತಿತ್ತು. ತಮಟೆಯವರು ಮುಂದಾದರು. ಮೆರವಣಿಗೆ ಬೇಲಿ ದಾಟಿ, ಬಸ್ಸು ನಿಲ್ಲುವ ಮರದ ಕೆಳಗೆ ಹಾದು, ತೋಟದ ದಾರಿ ಹಿಡಿಯಿತು. ಹೆಂಗಸರು ಬಾಗಿಲಲ್ಲೇ ಉಳಿದರು.

ಅಶ್ವತ್ಥಮ್ಮ ಜಗಲಿಯ ಮೇಲೆ ಕೂತು ಹೋಗುವವರ ಬೆನ್ನು ನೋಡುತ್ತಿದ್ದಳು.

"ಆ ಹನ್ನೆರಡು ಗಂಟೇದು ಓದಮ್ಮ. ಅಳತೆ ಏನಿತ್ತೋ ಅದನ್ನ."

ಶ್ಯಾಮಲ ಪುಸ್ತಕ ಬಿಡಿಸಿ, ತಮಟೆಯ ಸದ್ದಿನ ನಡುವೆ, ಇದ್ದದ್ದನ್ನು ಇದ್ದ ಹಾಗೆ ಓದಿದಳು.

"ಹೊತ್ತು, ಹಗಲು ಹನ್ನೆರಡು. ಆಳ, ನಾಲ್ಕೂವರೆ ಮೀಟರ್. ಮೇಲಿನ ನೀರು ಹೊರಕ್ಕೆ, ಸೆಕೆಂಡಿಗೆ ಇಪ್ಪತ್ತೆರಡು ಸೆಂಟಿಮೀಟರ್. ಬುಡದ ನೀರು ಒಳಕ್ಕೆ, ಸೆಕೆಂಡಿಗೆ ಹದಿನಾಲ್ಕು ಸೆಂಟಿಮೀಟರ್."